ವೈರಿಲ್ಲದ ಫೋನು

ಆ ಗುರುವಾರ ಚಿಕ್ಕಸ್ವಾಮಿಗೆ ಬೆಳಗಿನಿಂದಲೇ ಎಲ್ಲರ ಮೇಲೂ ಒಂದು ಬಗೆಯ ಅಸಹ್ಯ ಹುಟ್ಟಿತ್ತು. ಒಂಬತ್ತನೇ ತರಗತಿಯ ಬೋರ್ಡಿನ ಮೇಲೆ ಹೂಜಿ ಬರೆದ. ಅದರ ಕತ್ತು ತಾನು ಅಂದುಕೊಂಡದ್ದಕ್ಕಿಂತ ತುಸು ಸೊಟ್ಟಗಾದದ್ದು ಕಂಡರೂ ಅಳಿಸಲಿಲ್ಲ. ‘ಬರೀರಿ’ ಎಂದು ಕುರ್ಚಿಗೆ ಒರಗಿದ. ಕೆಲಸಕ್ಕೆ ಸೇರಿದಾಗಿನಿಂದ ಇದೇ ಹೂಜಿ. ಎದುರಿಗೆ ಕೂತವರಲ್ಲಿ ಹೂಜಿಯ ನೀರು ಕುಡಿದವನು ಒಬ್ಬನೂ ಇದ್ದಂತಿರಲಿಲ್ಲ. ಎಲ್ಲರ ಹತ್ತಿರವೂ ಬಣ್ಣದ ಪ್ಲಾಸ್ಟಿಕ್ ಬಾಟಲು, ಅರ್ಧ ಜನದ ಕೈಯಲ್ಲಿ ಗಂಟೆಗೊಮ್ಮೆ ಕೀಂ ಎನ್ನುವ ಅಗ್ಗದ ಗಡಿಯಾರ. ಮೂರು ಗಂಟೆಗೆ ಅವೆಲ್ಲ ಒಂದರ ಹಿಂದೊಂದು ಕೀಂ ಎಂದವು. ಒಂದಕ್ಕೂ ಇನ್ನೊಂದಕ್ಕೂ ಹೊಂದಿಕೆಯಿರಲಿಲ್ಲ. ಸಮಯ ತಿಳಿಯುವುದಕ್ಕೆಂದು ಕಟ್ಟಿಕೊಂಡ ಸಾಮಾನು ಹತ್ತು ಬಗೆಯ ಸಮಯ ಹೇಳುತ್ತದಲ್ಲ, ಇದನ್ನು ಸಂಜೆ ಕುಳ್ಳಯ್ಯನ ಹೋಟೆಲಿನಲ್ಲಿ ಹೇಳಬೇಕು ಎಂದುಕೊಂಡ. ಹಾಗೆ ಅಂದುಕೊಂಡ ತಕ್ಷಣ ಆ ಮಾತು ಬಾಯಲ್ಲಿ ಹೇಗೆ ಕೂರಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಮನಸ್ಸು ತಾನೇ ತಾನಾಗಿ ತಿದ್ದತೊಡಗಿತು. ಹೂಜಿಯ ಕತ್ತನ್ನು ತಿದ್ದುವುದಕ್ಕೆ ಬಾರದ ಶ್ರದ್ಧೆ ಇದಕ್ಕೆ ಬರುತ್ತಿತ್ತು. ಅದು ಅವನಿಗೂ ಗೊತ್ತಿತ್ತು.

ಕುಳ್ಳಯ್ಯನ ಹೋಟೆಲಿನಲ್ಲಿ ಮಾಮೂಲಿನ ಬೆಂಚಿನ ಮೇಲೆ ಮಾಮೂಲಿನ ಮಂದಿ ಇದ್ದರು. ಕೆ.ಆರ್. ಪೇಟೆಯಲ್ಲಿ ಯಾವ ಹೊಸ ಸಾಮಾನು ಬಂದರೂ ಡ್ರಾಯಿಂಗ್ ಮೇಷ್ಟ್ರು ಅದಕ್ಕೆ ಏನಂದರು ಎಂದು ಕೇಳುವುದು ಇಲ್ಲಿನ ರೂಢಿ. ಮಿಕ್ಸಿ ಬಂದಾಗ, ಗಂಡಸರು ಮನೆ ಹೊರಗೆ ಕೂರಲು ಇದೊಂದು ಹೊಸ ಕಾರಣ ಸಿಕ್ಕಿತು ಅಂದಿದ್ದ. ತಾಲ್ಲೂಕಾಫೀಸಿಗೆ ಕಂಪ್ಯೂಟರ್ ಬಂದಾಗ, ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಂತೆ, ಗುಮಾಸ್ತರಿಗೆ ಕೊನೆಗೂ ಒಬ್ಬ ದೇವರು ಸಿಕ್ಕ ಅಂದಿದ್ದ. ಸೊಂಟಕ್ಕೆ ಪೇಜರ್ ಸಿಕ್ಕಿಸಿಕೊಂಡು ಓಡಾಡುವ ಕಂಟ್ರಾಕ್ಟರನಿಗೆ, ಎಮ್ಮೆಗೆ ಗಂಟೆ ಕಟ್ಟಿದರೆ ಎಮ್ಮೆ ನಾಚಿಕೊಳ್ಳುವುದಿಲ್ಲ, ಸರಿ, ಆದರೆ ಅದು ಎಲ್ಲರಿಗೂ ತೋರಿಸಿಕೊಂಡೂ ಬರುವುದಿಲ್ಲ ಅಂದಿದ್ದ. ಆ ಕಂಟ್ರಾಕ್ಟರನೂ ನಕ್ಕಿದ್ದ. ಚಿಕ್ಕಸ್ವಾಮಿಗೆ ಇವರ ನಗು ಬೇಕಿತ್ತು. ನಗುವಾಗ ಕಾಣುವ ಅವರ ಕರೆಗಟ್ಟಿದ ಹಲ್ಲು, ಬೆಂಚು ತಟ್ಟುವ ಕೈ, ನಕ್ಕಾದ ಮೇಲೆ ಏನು ಅರ್ಥವಾಯಿತೆಂದು ಪಕ್ಕದವನ ಮುಖ ನೋಡುವ ರೀತಿ ಕಂಡರೆ ಹೇಸಿಗೆಯಾಗುತ್ತಿತ್ತು. ಆದರೂ ಒಂದು ದಿನ ಬರದಿದ್ದರೆ ರಾತ್ರಿ ಊಟ ಸೇರುತ್ತಿರಲಿಲ್ಲ.

“ಏನ್ ಮೇಷ್ಟ್ರೆ, ನಿಮ್ ಪಕ್ಕದ್ ಮನೆ ದ್ಯಾವಯ್ಯ ವೈರಿಲ್ದೇ ಇರೋ ಪೋನ್ ತಂದವ್ನಂತೆ,” ಎಂದ ಕುಳ್ಳಯ್ಯ, ಗ್ಲಾಸು ಮುಂದಿಡುತ್ತ. ಅದು ಬಂದು ತಿಂಗಳಾದರೂ ಕುಳ್ಳಯ್ಯ ಆಗಾಗ ಈ ಮಾತೆತ್ತುತ್ತಿದ್ದ. ಹಿಟ್ಟು ಹದಕ್ಕೆ ಬಂದಿದೆಯೇ ಎಂದು ಮುಟ್ಟಿ ನೋಡುವವನ ಹಾಗೆ.

“ಮೊದಲು ಆಲೆಮನೆ ಕೊಪ್ಪರಿಗೆ ಮುಂದೆ ನಿಂತು ಕಿರುಚ್ತಿದ್ದ. ಆಮೇಲೆ ಮನೆ ಒಳಗೆ ವೈರು ಹಿಡಕೊಂಡು ಕಿರುಚಿದ. ಈಗ ಕೊಟ್ಟಿಗೇಲಿ, ಕಕ್ಕಸಿನ ಹತ್ರ, ಎಲ್ಲಿ ಬೇಕಾದ್ರೂ ಕಿರುಚಬಹುದು. ಮನುಷ್ಯ ಮುಂದುವರೀತಾನೆ ಕಣಯ್ಯ.”

ನಕ್ಕರು. ಚಿಕ್ಕಸ್ವಾಮಿ ಟೀ ಕುಡಿದ. ದ್ಯಾವಯ್ಯನ ಫೋನಿನ ಬಗ್ಗೆ ಇವರ್ಯಾರಿಗೂ ಗೊತ್ತಿಲ್ಲದ ಸಂಗತಿಯೊಂದು ಅವನಿಗೆ ಗೊತ್ತಿತ್ತು. ಅದನ್ನು ಹೇಳಿದ್ದರೆ ಬೆಂಚು ಮುರಿಯುವ ಹಾಗೆ ನಗುತ್ತಿದ್ದರು. ಅದೊಂದನ್ನು ಮಾತ್ರ ಅವನು ಹೇಳಿರಲಿಲ್ಲ. ಎದುರಿಗೆ ಕೂತ ಈ ಮುಖಗಳಲ್ಲಿ ಯಾವುದಕ್ಕಾದರೂ ಅದು ಆಗಲೇ ಗೊತ್ತಿದ್ದು, ಅದೂ ತನ್ನ ಹಾಗೆಯೇ ಬಾಯಿ ಮುಚ್ಚಿಕೊಂಡಿದ್ದರೆ ಎಂಬ ಯೋಚನೆ ಈಚೆಗೆ ಬರಲು ಶುರುವಾಗಿತ್ತು. ಕುಳ್ಳಯ್ಯನ ಮನೆಯೂ ತನ್ನ ಬೀದಿಯಲ್ಲೇ ಇದೆ, ಅವನ ಮನೆಯಲ್ಲೂ ಒಂದು ಟಿವಿ ಇದೆ. ಗ್ಲಾಸಿನ ತಳದಲ್ಲಿ ಸಕ್ಕರೆ ಕರಗದೆ ಉಳಿದಿತ್ತು. ಬಿಟ್ಟು ಎದ್ದ.

ಮನೆಯ ಬೀದಿಗೆ ತಿರುಗುವಾಗಲೇ ಹಿಟ್ಟಿನ ಮಿಲ್ಲಿನ ಸದ್ದು ಕೇಳಿತು. ಬೆಳಗಿನಿಂದ ಇಲ್ಲದ ಕರೆಂಟು ಈಗ ಬಂದಿತ್ತು. ಹೆಂಡತಿ ಪುಟ್ಟಲಕ್ಷ್ಮಮ್ಮ ರಾಗಿಯ ಡಬ್ಬವನ್ನು ಸೊಂಟಕ್ಕಿಟ್ಟುಕೊಂಡು ಬಾಗಿಲಲ್ಲೇ ಎದುರಾದಳು. “ಇಟ್ಟು ಮುಗ್ದೋಗದೆ. ಈಗ ಓಗ್ದಿದ್ರೆ ಮತ್ತೆ ಕರೆಂಟು ಓಯ್ತದೆ. ಬಿರ್ರನೆ ಬಂದ್ಬುಡ್ತೀನಿ,” ಎಂದಳು. ಎರಡು ಹೆಜ್ಜೆ ಹೋದವಳು ತಿರುಗಿ, ದ್ಯಾವಯ್ಯನ ಮನೆಯ ಕಡೆ ನೋಡಿ, “ಪೋನು ಗೀನು ಬಂದ್ರೆ ಒಸಿ ಇರಕೇಳು ಅಂತ ಚಿಕ್ಕಬೋರಮ್ಮಂಗೆ ಏಳಿವ್ನಿ,” ಎಂದಳು. ‘ಗೀನು’ ಎಂದು ಸೇರಿಸಿದ್ದು ಅದು ದೊಡ್ಡ ವಿಷಯವಲ್ಲ ಎಂದು ತೋರಿಸಲು. ಅವಳ ಕಣ್ಣು ಅವನ ಮುಖದ ಮೇಲೆ ಒಂದು ಗಳಿಗೆ ಹೆಚ್ಚಾಗಿ ನಿಂತಿತು. ಅವನು “ಹೂಂ” ಎಂದು ಚಪ್ಪಲಿ ಬಿಟ್ಟ.

ಅವರ ಮನೆಗೆ ಫೋನಿರಲಿಲ್ಲ. ಅರ್ಜಿ ಹಾಕುವುದಿಲ್ಲ ಎಂದು ಚಿಕ್ಕಸ್ವಾಮಿ ಹಟ ಹಿಡಿದಿದ್ದ. ಕೂಗಿದರೆ ಕೇಳದಷ್ಟು ದೂರ ಇರುವವರ ಹತ್ತಿರ ತನಗೆ ಮಾತಿಲ್ಲ ಎಂದು ಹೋಟೆಲಿನಲ್ಲಿ ಹೇಳಿ ಹೆಸರು ತಗೊಂಡಿದ್ದ. ಆದರೆ ಮಗಳು ಅನುವಿನ ಮದುವೆಯ ಲಗ್ನಪತ್ರಿಕೆಯಲ್ಲಿ ಫೋನ್ ನಂಬರಿಲ್ಲದಿದ್ದರೆ ಹೇಗೆ ಎಂದಾಗ, ಎಲ್ಲರೂ ಮಾಡುವ ಹಾಗೆ ಪಕ್ಕದ ದ್ಯಾವಯ್ಯನ ನಂಬರು ಹಾಕಿಸಿ ಅದು ಪಕ್ಕದ ಮನೆಯ ಫೋನೆಂದು ತಿಳಿಯಲು ಮುಂದೆ ಪಿ.ಪಿ. ಎಂದು ಅಚ್ಚು ಹಾಕಿಸಿದ್ದ. ಅಂದಿನಿಂದ ಯಾರು ಫೋನು ಮಾಡಿದರೂ ದ್ಯಾವಯ್ಯನ ಹೆಂಡತಿ ಚಿಕ್ಕಬೋರಮ್ಮ ಕಾಂಪೌಂಡಿನ ಮೇಲಿಂದ ಕೂಗುವುದು, ಪುಟ್ಟಲಕ್ಷ್ಮಮ್ಮ ಕೈ ಒರೆಸಿಕೊಳ್ಳುತ್ತ ಓಡುವುದು. ಅವನು ಒಮ್ಮೆಯೂ ಹೋದವನಲ್ಲ. ಕಾಂಪೌಂಡಿನ ಆಚೆ ದ್ಯಾವಯ್ಯ ಬನಿಯನ್ನಿನಲ್ಲಿ ನಿಂತು ಹಸುವಿಗೆ ಹುಲ್ಲು ಹಾಕುತ್ತಿದ್ದ. ಲುಂಗಿಯ ಸೊಂಟಕ್ಕೆ ಆ ಬಿಳಿಯ ಸಾಮಾನು, ಅದರ ಉದ್ದನೆಯ ಆಂಟೆನಾ ಕಂಕುಳ ತನಕ. ಬೆಂಗಳೂರಿನ ಯಾವುದೋ ಸಂದಿಯ ಬಜಾರಿನಿಂದ ತಂದದ್ದು, ಬಿಲ್ಲಿಲ್ಲ, ಹೆಸರಿಲ್ಲ. ಪರವೂರಿಗೆ ಯಾರೂ ಫೋನು ಮಾಡಬಾರದೆಂದು ಮೊದಲಿದ್ದ ಫೋನಿಗೆ ಅವನು ಬೀಗ ಹಾಕುತ್ತಿದ್ದ. ಈಗ ಬೀಗದ ಬದಲು ಸೊಂಟದಲ್ಲೇ ಇಟ್ಟುಕೊಂಡಿದ್ದ. “ಬಂದ್ರಾ ಮೇಷ್ಟ್ರೆ,” ಎಂದು ಹಲ್ಲು ಬಿಟ್ಟ. ಚಿಕ್ಕಸ್ವಾಮಿ ತಲೆಯಾಡಿಸಿ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿದ.

ಟಿವಿ ಮೂಲೆಯಲ್ಲಿ, ಕ್ರೋಶಾ ಹೆಣಿಗೆಯ ಬಟ್ಟೆಯಡಿ ಇತ್ತು. ಕಪ್ಪುಬಿಳುಪಿನ ಸಣ್ಣ ಪೆಟ್ಟಿಗೆ, ಚಾನೆಲು ಹುಡುಕಲು ಬೆರಳಲ್ಲಿ ತಿರುಗಿಸುವ ಗಾಲಿ. ಮದುವೆಯ ವರ್ಷ ಅಳಿಯ ಅಶೋಕ ಕೊಟ್ಟದ್ದು. ನಾಗಮಂಗಲದ ಬಸ್‌ಸ್ಟಾಂಡಿನ ಹತ್ತಿರ ಟಿವಿ, ಫ್ಯಾನು, ಗ್ರೈಂಡರು ಮಾರುವ ಅಂಗಡಿ ಅವನದು. ಅಂಗಡಿಯಲ್ಲಿ ಮಾರಾಟವಾಗದ್ದನ್ನು ಅಳಿಯ ಮಾವನಿಗೆ ಕೊಡುತ್ತಾನೆ, ಮನೆಯಲ್ಲಿ ಮಾರಾಟವಾಗದ್ದನ್ನು ಮಾವ ಅಳಿಯನಿಗೆ ಕೊಡುತ್ತಾನೆ ಎಂದು ಚಿಕ್ಕಸ್ವಾಮಿ ಅಂದು ಹೇಳಿದ್ದು ಹೋಟೆಲಿನಲ್ಲಿ ಬಹಳ ದಿನ ಓಡಿತ್ತು. ಎರಡನೆಯ ಅರ್ಧ ಅನುವಿನ ಕಿವಿಗೂ ಬಿದ್ದಿತ್ತೇನೋ. ಆಗ ಅದನ್ನು ಯೋಚಿಸಿರಲಿಲ್ಲ. ದ್ಯಾವಯ್ಯನ ಹೊಸ ಫೋನು ಬಂದ ಮೇಲೆ ಒಂದು ಸಂಜೆ ಚಿತ್ರ ಸರಿಯಾಗಿ ಬಾರದೆ ಗಾಲಿಯನ್ನು ತುದಿಯ ತನಕ ತಿರುಗಿಸಿದಾಗ ಪರದೆಯ ಮೇಲೆ ಚುಕ್ಕಿಗಳು ಕದಡಿ ಕಪ್ಪು ಪಟ್ಟೆಗಳಾದವು, ಗೊರಗೊರದ ಒಳಗಿಂದ ದ್ಯಾವಯ್ಯನ ಸ್ವರ ಬಂತು. ಆ ಫೋನಿನಲ್ಲಿ ಬೆಲ್ಲದ ಮಂಡಿಯವನ ಜೊತೆ ಬಣ್ಣಕ್ಕೆ ಏನು ಹಾಕಬೇಕು ಎಂದು ಮಾತಾಡುತ್ತಿದ್ದ. ಚಿಕ್ಕಸ್ವಾಮಿ ಮೊದಲು ಕಿಟಕಿಯ ಕಡೆ ನೋಡಿದ. ಆಮೇಲೆ ಎದ್ದು ಬಾಗಿಲು ಹಾಕಿದ. ಬಾಗಿಲು ಹಾಕಿದ್ದನ್ನು ಅವನು ಈಗಲೂ ಮರೆತಿಲ್ಲ, ಯಾಕೆಂದರೆ ಅಲ್ಲಿಗೆ ಅದು ಆಕಸ್ಮಿಕವಾಗಿ ಉಳಿಯಲಿಲ್ಲ.

ಆಮೇಲೆ ಅದು ಅವನ ಸಂಜೆಯ ಹಬ್ಬವಾಯಿತು. ಪುಟ್ಟಲಕ್ಷ್ಮಮ್ಮ ಹಿತ್ತಿಲಿನಲ್ಲೋ ದೇವಸ್ಥಾನದಲ್ಲೋ ಇರುವ ಹೊತ್ತು ನೋಡಿ, ಸದ್ದು ಕನಿಷ್ಠಕ್ಕೆ ಇಳಿಸಿ, ಕಿವಿಯನ್ನು ಸ್ಪೀಕರಿನ ಜಾಲರಿಗೆ ಹಚ್ಚಿ ಕೂರುತ್ತಿದ್ದ. ದ್ಯಾವಯ್ಯ ಮಂಡಿಯವನಿಗೆ ಹೇಳುವ ಸುಳ್ಳು, ಚಿಕ್ಕಬೋರಮ್ಮ ತನ್ನ ಅಕ್ಕನ ಹತ್ತಿರ ಸೊಸೆಯನ್ನು ಬೈಯುವುದು, ಸೊಸೆ ತವರಿಗೆ ಅತ್ತೆಯನ್ನು ಬೈಯುವುದು. ಜನ ಇಷ್ಟು ಸಣ್ಣವರು ಎಂದು ತಾನು ಯಾವಾಗಲೂ ಹೇಳುತ್ತಿದ್ದುದಕ್ಕೆ ಸಾಕ್ಷಿ ಸಿಕ್ಕಂತಾಗಿ ಮೈ ಹಗುರಾಗುತ್ತಿತ್ತು. ಬೆಳಿಗ್ಗೆ ಕಾಂಪೌಂಡಿನ ಆಚೆಯಿಂದ ‘ನಮಸ್ಕಾರ ಮೇಷ್ಟ್ರೆ’ ಎಂದು ಬರುವ ಮುಖದ ಹಿಂದೆ ಏನಿದೆಯೆಂದು ತಿಳಿದವನ ದರ್ಪದಲ್ಲಿ ತಲೆಯಾಡಿಸುತ್ತಿದ್ದ. ದ್ಯಾವಯ್ಯನಿಗೆ ಹೇಳಿಬಿಡಬೇಕು ಎಂದು ಒಂದೆರಡು ಸಲ ಅನ್ನಿಸಿದ್ದು ನಿಜ. ಹೇಳಿದರೆ ಅವನು ಅದನ್ನು ಕಿತ್ತೆಸೆಯುತ್ತಾನೆ. ಅಷ್ಟಲ್ಲದೆ, ನಿಮಗೆ ಹೇಗೆ ಗೊತ್ತು ಎಂದೂ ಕೇಳುತ್ತಾನೆ.

ತನ್ನ ಹೆಂಡತಿಯೂ ಅದೇ ಫೋನಿನಲ್ಲಿ ಮಾತಾಡುತ್ತಾಳೆ ಎಂಬುದು ಅವನಿಗೆ ಹೊಳೆದಿರಲಿಲ್ಲವೇ? ಹೊಳೆದಿತ್ತು. ಹೊಳೆದೂ, ಅವಳು ಮಾತಾಡುವುದೇನು, ಹಾಲು ಮೊಸರು ನೆಗಡಿ ಎಂದು ತಳ್ಳಿಹಾಕಿದ್ದ. ಅವಳು ಫೋನಿಗೆ ಓಡಿದಾಗಲೆಲ್ಲ ಗಾಲಿ ತಿರುಗಿಸುವುದಕ್ಕೆ ಒಂದು ಬಗೆಯ ಉದಾಸೀನ, ನಾಚಿಕೆಯೂ ಇದ್ದಿರಬೇಕು. ಆದರೆ ಕಳೆದ ಗುರುವಾರ ಚಿಕ್ಕಬೋರಮ್ಮ ಕೂಗುವ ಹೊತ್ತಿಗೆ ಟಿವಿ ಆಗಲೇ ಹಚ್ಚಿಯಾಗಿತ್ತು, ಗಾಲಿ ಆಗಲೇ ಆ ತುದಿಯಲ್ಲಿತ್ತು.

“ಅಮ್ಮಾ, ಮನೆ ಫೋನ್‌ಗೆ ಮಾಡ್ಬೇಡ ಇನ್ಮೇಲೆ,” ಎಂದಿತ್ತು ಅನುವಿನ ಸ್ವರ. ಪೆಟ್ಟಿಗೆಯೊಳಗಿಂದ ಬಂದದ್ದಕ್ಕೋ ಏನೋ ಅದು ಅವಳು ಹತ್ತು ವರ್ಷದವಳಿದ್ದಾಗಿನ ಸ್ವರದಂತಿತ್ತು. “ಇವ್ರು ಅದುಕ್ಕೆ ಟೇಪ್ ಕಟ್ಟವ್ರೆ. ಯಾರ್ ಮಾಡುದ್ರೂ, ನಾನ್ ಯಾರ್ಗೆ ಮಾಡುದ್ರೂ ಎಲ್ಲ ರೆಕಾರ್ಡ್ ಆಯ್ತದೆ. ರಾತ್ರಿ ಅಂಗ್ಡಿ ಬಾಗ್ಲಾಕಿ ಬಂದು ಕಾಫಿ ಕುಡೀತಾ ಕೂತ್ಕಂಡು ಕೇಳ್ತಾರೆ. ಇಲ್ಲಿ ಯಾಕ್ ನಕ್ಕೆ, ಇಲ್ಲಿ ಯಾಕ್ ಮೆಲ್ಲುಕ್ ಮಾತಾಡ್ದೆ ಅಂತಾರೆ. ನಾನೀಗ ಬಸ್‌ಸ್ಟಾಂಡ್ ಹತ್ರ ಮಾಯಮ್ಮನ ಬೂತಿಂದ ಮಾಡ್ತಿರೋದು, ನಂಬರ್ ಏಳ್ತೀನಿ, ಬರ್ಕೊ. ಗುರುವಾರ ಅವ್ರು ಮಾಲು ತರಕ್ಕೆ ಬೆಂಗ್ಳೂರಿಗೆ ಓಯ್ತಾರೆ.”

“ಕೈ ಮಾಡ್ತಾನ?” ಎಂದಳು ಪುಟ್ಟಲಕ್ಷ್ಮಮ್ಮ. ಅವಳಿಗೆ ಆ ಸ್ವರ ಇದೆಯೆಂದು ಚಿಕ್ಕಸ್ವಾಮಿಗೆ ಗೊತ್ತಿರಲಿಲ್ಲ. ಪೆಟ್ಟಿಗೆಯಲ್ಲಿ ಗೊರಗೊರ ಮಾತ್ರ ಕೇಳಿತು. “ಕೈ ಮಾಡ್ತಾನ ಅಂತ ಕೇಳ್ದೆ.”

“ಊಂ.”

“ಬಂದ್ಬುಡು ಮಗ.”

“ಅಪ್ಪ?”

“ಕೇಳ್ತೀನಿ ಇರು. ಒತ್ತು ನೋಡಿ ಕೇಳ್ತೀನಿ.”

“ಅಪ್ಪ ಆಡ್ಕತಾರೆ ಕಣಮ್ಮ. ಬ್ಯಾಡ ಅಂದ್ರೂ ಬೇಜಾರಿಲ್ಲ ನಂಗೆ. ಬಾ ಅಂದ್ಬುಟ್ಟು ಆಡ್ಕತಾರೆ. ಕುಳ್ಳಯ್ಯನ ಓಟ್ಲಲ್ಲಿ ನನ್ನ ಕತೆ ಏಳಿ ನಗಿಸ್ತಾರೆ. ಇಲ್ಲಿ ಒಡುಸ್ಕಳದು ಗೋಡೆ ಒಳ್ಗಡೆ ಆಯ್ತದೆ.”

ಆಮೇಲೆ ಮಾತು ಮುಗಿದು ಪರದೆಯ ಮೇಲಿನ ಪಟ್ಟೆಗಳು ಒಡೆದು ಚುಕ್ಕಿಗಳಾದವು. ಚಿಕ್ಕಸ್ವಾಮಿ ಟಿವಿ ಆರಿಸಿ ಅದರ ಮೇಲೆ ಬಟ್ಟೆ ಹೊದಿಸಿದ. ಅಶೋಕನ ಮೇಲೆ ಉಕ್ಕಿಬಂದ ತಿರಸ್ಕಾರ ಬಾಯಿ ತುಂಬ ಕಹಿ ತಂದಿತು. ಹೆಂಡತಿಯ ಮಾತನ್ನು ಟೇಪಿಗೆ ಹಾಕಿ ಕಾಫಿ ಕುಡಿಯುತ್ತ ಕೇಳುವ ಗಂಡಸು, ಕ್ರಿಮಿ. ಆ ಪದವನ್ನು ಎರಡು ಮೂರು ಸಲ ಅಂದುಕೊಂಡ. ಅಂದುಕೊಳ್ಳುವಾಗ ತನ್ನ ಎಡಗಿವಿ ಜಾಲರಿಯ ಒತ್ತಿಗೆ ಇನ್ನೂ ಬಿಸಿಯಾಗಿದ್ದುದು ತಿಳಿಯಿತು. ಕೈಯಿಂದ ಕಿವಿಯನ್ನು ಉಜ್ಜಿಕೊಂಡ. ಅದು ಬೇರೆ, ಇದು ಬೇರೆ ಎಂದು ಹೇಳಿಕೊಂಡ. ಹೇಗೆ ಬೇರೆ ಎಂಬುದನ್ನು ನಾಳೆ ಯೋಚಿಸೋಣ ಎಂದುಕೊಂಡ, ಯೋಚಿಸಲಿಲ್ಲ.

ಹೆಣ್ಣು ನೋಡಲು ಬಂದ ದಿನ ಅಶೋಕ ಮನೆಯ ಹಳೇ ರೇಡಿಯೋ ಕೆಟ್ಟಿರುವುದನ್ನು ಕಂಡು, ತಾನೇ ಸ್ಕ್ರೂ ಬಿಚ್ಚಿ, ಒಳಗಿನ ಜಿರಳೆ ಮೊಟ್ಟೆಯನ್ನು ಊದಿ, ಹಾಡುವ ಹಾಗೆ ಮಾಡಿದ್ದ. ಹೆಂಗಸರು ಎಷ್ಟು ಒಳ್ಳೆ ಹುಡುಗ ಎಂದರು. ಅವರು ಹೋದ ಮೇಲೆ ಚಿಕ್ಕಸ್ವಾಮಿ, ಹೆಣ್ಣು ನೋಡಲು ಬಂದವನು ರೇಡಿಯೋ ನೋಡಿ ಹೋದ ಎಂದಿದ್ದ. ಎಲ್ಲರೂ ನಕ್ಕಿದ್ದರು, ಅನುವೂ. ಅಷ್ಟೇ. ಹುಡುಗ ಎಂಥವನೆಂದು ಅವನು ನಾಗಮಂಗಲದಲ್ಲಿ ಒಬ್ಬರನ್ನೂ ಕೇಳಿರಲಿಲ್ಲ. ಹಾಸ್ಯ ಮಾಡಿದರೆ ವಿಚಾರಿಸಿದ ಹಾಗೆಯೇ ಎಂದು ಅವನಿಗೆ ಅನ್ನಿಸಿಬಿಟ್ಟಿತ್ತು. ಅನು ನಗುವಾಗ ತುಟಿ ಮುಚ್ಚಿಕೊಂಡು ಮೂಗಿನಲ್ಲಿ ಸಣ್ಣಗೆ ನಗುತ್ತಾಳೆ. ಅವಳು ಎರಡನೆಯ ತರಗತಿಯಲ್ಲಿದ್ದಾಗ ಆನೆ ಬರೆದು ತಂದಿದ್ದಳು. ಮನೆಗೆ ಯಾರೋ ಬಂದಿದ್ದರು. ಇದು ಆನೆಯೋ ಕುಕ್ಕರೋ ಎಂದಿದ್ದ ಅವನು. ನಿಜಕ್ಕೂ ಸೊಂಡಿಲು ಕುಕ್ಕರಿನ ಹಿಡಿಯ ಹಾಗಿತ್ತು. ಬಂದವರು ನಕ್ಕಾಗ ಅವಳೂ ಹಾಗೆ ಮೂಗಿನಲ್ಲಿ ನಕ್ಕು, ಹಾಳೆ ಮಡಿಚಿ, ಮಡಿಚಿ, ಬೆರಳಷ್ಟು ಮಾಡಿ ಕೈಯಲ್ಲಿ ಹಿಡಿದುಕೊಂಡಿದ್ದಳು. ಡ್ರಾಯಿಂಗ್ ಮೇಷ್ಟ್ರ ಮಗಳು ಆಮೇಲೆ ಯಾವ ಚಿತ್ರವನ್ನೂ ಬರೆಯಲಿಲ್ಲ.

ಪುಟ್ಟಲಕ್ಷ್ಮಮ್ಮ ಹೊತ್ತು ನೋಡಿ ಕೇಳಿದ್ದು ಅದರ ಮಾರನೆಯ ದಿನ ಊಟದಲ್ಲಿ. ತಟ್ಟೆಗೆ ಮುದ್ದೆ ಇಟ್ಟು, ಬಸ್ಸಾರು ಬಿಟ್ಟು, ಅವನ ಮುಖ ನೋಡದೆ, “ಅಕ್ಕಿಹೆಬ್ಬಾಳಲ್ಲಿ ನಮ್ ಕಡೆಯವ್ರೊಬ್ರ ಮಗ್ಳು ಗಂಡನ್ ಮನೆ ಬುಟ್ಟು ಬಂದ್ಬುಟ್ಟವ್ಳಂತೆ. ಏನಂದೀರಿ?” ಎಂದಳು. ಅಕ್ಕಿಹೆಬ್ಬಾಳಲ್ಲಿ ಅಂಥ ಮಗಳಿಲ್ಲ ಎಂದು ಅವನಿಗೆ ಗೊತ್ತಿತ್ತು. ಅವಳ ಕೈಯಲ್ಲಿ ಸೌಟು ಅಲುಗದೆ ನಿಂತದ್ದು ಗೊತ್ತಿತ್ತು. ತಾನೀಗ ಬರಲಿ ಬಿಡು ಎಂದರೆ ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದೂ ಗೊತ್ತಿತ್ತು. ಎಲ್ಲ ಗೊತ್ತಿದ್ದೂ, ಗೊತ್ತಿಲ್ಲದವನ ಮುಖ ಹಾಕಿಕೊಳ್ಳಬೇಕಾದ ಆ ಗಳಿಗೆಯಲ್ಲಿ, ಗೊತ್ತಿಲ್ಲದ ಚಿಕ್ಕಸ್ವಾಮಿ ಏನು ಹೇಳುತ್ತಿದ್ದನೋ ಅದೇ ನಾಲಿಗೆಗೆ ಬಂತು. “ಗ್ಯಾರಂಟಿ ಮುಗಿದ ಮಾಲನ್ನ ಯಾವ ಅಂಗಡಿಯವನು ವಾಪಸ್ ತಗೋತಾನೆ?” ಮಾತು ಬಹಳ ಚೆನ್ನಾಗಿ ಕೂತಿತು. ಅದರ ಕೂರುವಿಕೆಗೆ ಒಳಗೊಳಗೆ ಖುಷಿಯೂ ಆಯಿತು. ಈ ವಾರವಿಡೀ ಆ ಖುಷಿಯೇ ಮತ್ತೆ ಮತ್ತೆ ನೆನಪಾಗುತ್ತಿತ್ತು. ಪುಟ್ಟಲಕ್ಷ್ಮಮ್ಮ ಇನ್ನೊಂದು ಸೌಟು ಸಾರು ಬಿಟ್ಟಳು, ಅವನು ಉಂಡ.

ಇವತ್ತು ಸರಿಮಾಡಬೇಕು ಎಂದು ಬೆಳಗಿನಿಂದ ಅಂದುಕೊಂಡಿದ್ದ. ಸಂಜೆ ಫೋನು ಬಂದು, ಅವಳು ಮಾತಾಡಿ ಬಂದು ಕೂತಾಗ, ಸುಮ್ಮನೆ, ಬೇರೆ ಏನೋ ಮಾತಿನ ನಡುವೆ, ಅನು ಬಹಳ ದಿನವಾಯಿತು ಬಂದು, ಬಂದು ಇರಲಿ ಸ್ವಲ್ಪ ದಿನ ಎಂದುಬಿಡಬೇಕು. ಅಷ್ಟು ಹೇಳುವುದಕ್ಕೆ ಟಿವಿ ಕೇಳುವ ಅಗತ್ಯವೇನಿತ್ತು? ಅದನ್ನೂ ಕೇಳಿಕೊಂಡ. ತಾಯಿ ಮಗಳು ಏನಂದುಕೊಂಡರೆಂದು ತಿಳಿದಿದ್ದರೆ ಮಾತು ಸರಿಯಾಗಿ ಕೂರುತ್ತದೆ ಎಂದು ಉತ್ತರ ಕೊಟ್ಟುಕೊಂಡು ಬಟ್ಟೆ ಸರಿಸಿ ಟಿವಿ ಹಚ್ಚಿದ. ಗೊರಗೊರ. ಪರದೆಯ ಚುಕ್ಕಿಗಳ ಮುಂದೆ ಮೊಣಕಾಲೂರಿ ಕೂತ. ಪುಟ್ಟಲಕ್ಷ್ಮಮ್ಮ ಇನ್ನೂ ಬಂದಿರಲಿಲ್ಲ.

ಚುಕ್ಕಿಗಳು ಕದಡಿದವು. “ಅಲೋ,” ಎಂದಳು ಚಿಕ್ಕಬೋರಮ್ಮ ಪೆಟ್ಟಿಗೆಯೊಳಗೆ. “ಅನು ಅಲ್ವೇನವ್ವ? ಇವತ್ತು ಬ್ಯಾಗ ಮಾಡ್ದೆ? ಇರು ಕೂಗ್ತೀನಿ.” ಮರುಗಳಿಗೆಗೆ ಅದೇ ಸ್ವರ ಕಾಂಪೌಂಡಿನ ಮೇಲಿಂದಲೂ, ಪೆಟ್ಟಿಗೆಯೊಳಗಿಂದಲೂ ಒಟ್ಟಿಗೆ ಬಂತು. “ಪುಟ್ಲಕ್ಸ್ಮಮ್ಮಾ, ಪೋನು.” ಅವನು ಉಸಿರು ಹಿಡಿದು ಕೂತ. “ಮೇಷ್ಟ್ರು ಒಳ್ಗೆ ಅವ್ರೆ ಕನವ್ವ, ಈಗ್ ಬಂದ್ರು. ಮೇಷ್ಟ್ರೇ, ನೀವಾರ ಬನ್ನಿ, ಮಗು ಕಾಯ್ತಾವ್ಳೆ.” ದ್ಯಾವಯ್ಯನೇ ಬಂದು ಬಾಗಿಲು ಬಡಿದ, ಈ ಸದ್ದು ಪೆಟ್ಟಿಗೆಯೊಳಗೆ ಬರಲಿಲ್ಲ. ಚಿಕ್ಕಸ್ವಾಮಿ ದಡಬಡಿಸಿ ಎದ್ದು, ಒಂದು ಕಾಲಿಗೆ ಜೋಮು ಹಿಡಿದಿದ್ದರಿಂದ ಕುಂಟುತ್ತ, ಸಿಕ್ಕಿಬಿದ್ದವನ ಹಾಗೆ ಹೊರಗೆ ಬಂದ.

ಪಕ್ಕದ ಅಂಗಳದಲ್ಲಿ ದ್ಯಾವಯ್ಯ ಆ ಸಾಮಾನನ್ನು ಎರಡೂ ಕೈಯಲ್ಲಿ ಕೊಟ್ಟ. ಅದಕ್ಕೆ ಹೊಗೆಸೊಪ್ಪಿನ, ಹಸುವಿನ ಮೈಯ ವಾಸನೆಯಿತ್ತು. ಚಿಕ್ಕಸ್ವಾಮಿ ಕಿವಿಗಿಟ್ಟುಕೊಂಡ, ಏನೂ ಕೇಳಲಿಲ್ಲ. “ತಲೆಕೆಳ್ಗಾಗದೆ ಮೇಷ್ಟ್ರೆ,” ಎಂದು ದ್ಯಾವಯ್ಯ ಅವನ ಕೈಯಿಂದ ತೆಗೆದು, ತಿರುಗಿಸಿ, ಮಕ್ಕಳಿಗೆ ಟೋಪಿ ಹಾಕುವ ಹಾಗೆ ಅವನ ಕಿವಿಗೆ ಇಟ್ಟ. “ಅಂಟಿನಾ ಮೇಲುಕ್ ಇರ್ಲಿ. ಆಂ, ಈಗ ಮಾತಾಡಿ.” ಚಿಕ್ಕಬೋರಮ್ಮ ಸೆರಗು ಬಾಯಿಗೆ ಹಿಡಿದು ನಿಂತಳು. ಇಬ್ಬರೂ ಹೋಗಲಿಲ್ಲ.

“ಅಮ್ಮಾ?”

“ನಾನು.”

ಆ ಕಡೆ ಬಸ್‌ಸ್ಟಾಂಡಿನ ಗದ್ದಲ, ಯಾರೋ ಬೆಳ್ಳೂರು ಬೆಳ್ಳೂರು ಎಂದು ಕೂಗುತ್ತಿದ್ದ. ಅವಳ ಉಸಿರು ಕೇಳುತ್ತಿತ್ತು. ಟಿವಿಯಲ್ಲಿ ಉಸಿರು ಕೇಳುತ್ತಿರಲಿಲ್ಲ.

“ಅಪ್ಪಾ. ಅಮ್ಮ ಇಲ್ವ?”

“ಮಿಲ್ಲಿಗೆ ಹೋಗವಳೆ.”

“ಅಮ್ಮ ನಿಮ್ಗೆ,” ಎಂದು ನಿಲ್ಲಿಸಿದಳು. “ಅಮ್ಮ ನಿಮ್ಗೆ ಏನಾರ ಏಳುದ್ರಾ ಅಪ್ಪ?”

ಎಲ್ಲ ಆ ಪ್ರಶ್ನೆಯೊಳಗಿತ್ತು. ಹೇಳಿದಳು, ಬಾ ಎಂದರೆ ಮುಗಿಯಿತು. ಎರಡು ಮಾತು. ಅದಕ್ಕೆ ಮಾತಿನ ಚಮತ್ಕಾರ ಬೇಡ, ಎಲ್ಲಿ ನಿಲ್ಲಿಸಬೇಕೆಂಬ ಲೆಕ್ಕ ಬೇಡ. ಚಿಕ್ಕಸ್ವಾಮಿ ತಲೆಯೆತ್ತಿದ. ಬೀದಿಯುದ್ದಕ್ಕೂ ಹೆಂಚಿನ ಮೇಲೆ, ತಾರಸಿಯ ಮೇಲೆ ಆಂಟೆನಾಗಳು ಒಂದೇ ದಿಕ್ಕಿಗೆ ಮುಖ ಮಾಡಿ ನಿಂತಿದ್ದವು. ಕರೆಂಟು ಬಂದಿದೆ, ಎಲ್ಲರ ಮನೆಯಲ್ಲೂ ಟಿವಿ ಹಚ್ಚಿರುತ್ತಾರೆ. ಅವುಗಳ ಕೆಳಗೆ ಯಾವನೋ ಒಬ್ಬ ಗಾಲಿಯನ್ನು ತುದಿಗೆ ತಿರುಗಿಸಿ, ಸದ್ದು ಇಳಿಸಿ, ಜಾಲರಿಗೆ ಕಿವಿ ಕೊಟ್ಟು ಮೊಣಕಾಲೂರಿ ಕೂತಿದ್ದಾನೆ. ತಾನು ಕೂತಿದ್ದ ಮೇಲೆ ಇನ್ನೊಬ್ಬ ಯಾಕೆ ಕೂತಿರಬಾರದು? ಕುಳ್ಳಯ್ಯನೇ ಇರಬಹುದು. ನಾಳೆ ಗ್ಲಾಸು ಮುಂದಿಡುತ್ತ ಅವನು ನಗುವುದು ಕಣ್ಣಿಗೆ ಕಟ್ಟಿತು. ಈ ಬೀದಿಯಲ್ಲಿ ಯಾರಿಗೂ ಇಲ್ಲದ ಈ ಭಯ, ಪಾಪ, ದ್ಯಾವಯ್ಯನಿಗೂ ಇಲ್ಲದ್ದು, ತನಗೊಬ್ಬನಿಗೇ ಇತ್ತು. ದ್ಯಾವಯ್ಯ ಕಣ್ಣರಳಿಸಿ, ತನ್ನ ಸಾಮಾನಿನ ಬಗ್ಗೆ ಮೇಷ್ಟ್ರು ಏನನ್ನುತ್ತಾರೋ ಎಂದು ಕಾಯುತ್ತಿದ್ದ.

“ಏನು ಹೇಳೋದು?” ಎಂದ ಚಿಕ್ಕಸ್ವಾಮಿ. ಸ್ವರ ಹೋಟೆಲಿನದಾಗಿತ್ತು. “ಈ ದ್ಯಾವಯ್ಯನ ಡಬ್ಬ ಕೆಲಸ ಮಾಡ್ತದಾ ಅಂತ ನೋಡೋಣ ಅಂತ ಬಂದೆ. ಮಾಡ್ತದೆ.”

ದ್ಯಾವಯ್ಯ ಜೋರಾಗಿ ನಕ್ಕ. ಚಿಕ್ಕಬೋರಮ್ಮನೂ ನಕ್ಕಳು. ಕಿವಿಯಲ್ಲಿ, ಬೆಳ್ಳೂರು ಬೆಳ್ಳೂರು ಎಂಬುದರ ನಡುವೆ, ಅನು ಮೂಗಿನಲ್ಲಿ ಸಣ್ಣಗೆ ನಕ್ಕಳು.

“ಸರಿ ಅಪ್ಪ. ಅಮ್ಮಂಗೆ ಏನಿಲ್ವಂತೆ, ಸುಮ್ನೆ ಮಾಡಿದ್ಳಂತೆ ಅಂತ ಏಳಿ.”

ಫೋನು ಕೊಟ್ಟ. ದ್ಯಾವಯ್ಯ ಏನೋ ಕೇಳಿದ, ಕಾಫಿಯೋ ಏನೋ. ಬೇಡವೆಂದು ಕೈಯಾಡಿಸಿದ. ಕಾಂಪೌಂಡಿನ ಈ ಕಡೆ ಬಂದು ತನ್ನ ಮನೆಯ ಮೆಟ್ಟಿಲ ಹತ್ತಿರ ನಿಂತ. ನೆತ್ತಿಯಲ್ಲಿ ಬೆವರು, ಅಂಗೈಯಲ್ಲಿ ಹೊಗೆಸೊಪ್ಪಿನ ವಾಸನೆ. ಇನ್ನೂ ಹೊತ್ತಿದೆ, ಅವಳು ಬಂದ ಮೇಲೆ ಹೇಳುತ್ತೇನೆ, ಅನು ಬಂದು ಇರಲಿ ಎನ್ನುತ್ತೇನೆ, ಮನೆಯ ಒಳಗೆ, ಬಾಗಿಲು ಹಾಕಿಕೊಂಡು ಹೇಳುತ್ತೇನೆ ಎಂದು ಅಂದುಕೊಂಡ. ಒಳಗಿನಿಂದ ಗೊರಗೊರ ಸದ್ದು ಕೇಳುತ್ತಿತ್ತು. ಟಿವಿ ಆರಿಸಿರಲಿಲ್ಲ ಎಂಬುದು ಆಗ ನೆನಪಾಯಿತು. ಸದ್ದು ಅವನು ಬಿಟ್ಟುಹೋದದ್ದಕ್ಕಿಂತ ಬಹಳ ಜೋರಾಗಿತ್ತು.

ಪುಟ್ಟಲಕ್ಷ್ಮಮ್ಮ ಟಿವಿಯ ಮುಂದೆ ನಿಂತಿದ್ದಳು. ರಾಗಿ ಹಿಟ್ಟಿನ ಡಬ್ಬ ಇನ್ನೂ ಸೊಂಟದಲ್ಲಿತ್ತು. ಹಿತ್ತಿಲ ಬಾಗಿಲಿನಿಂದ ಬಂದಿರಬೇಕು. ಹುಬ್ಬಿನ ಮೇಲೆ, ತಲೆಗೂದಲ ಮೇಲೆ ಹಿಟ್ಟು ಕೂತು ಒಮ್ಮೆಗೇ ಮುದುಕಿಯಾದ ಹಾಗೆ ಕಂಡಳು. ಪರದೆಯ ಚುಕ್ಕಿಗಳ ಬೆಳಕು ಅವಳ ಮುಖದ ಮೇಲೆ ಅಲುಗುತ್ತಿತ್ತು. ಅವಳು ತಿರುಗಲಿಲ್ಲ.

“ಸದ್ದು ಬತ್ತಾ ಇತ್ತು. ಏನೋ ಕೆಟ್ಟೋಗದೆ ಅಂತ ಜೋರ್ ಮಾಡ್ದೆ,” ಎಂದಳು. “ನಿಮ್ ಮಾತು ಬಂತು. ಅವ್ಳುದೂ ಬಂತು.”

ಅವನು ಹೊಸಿಲು ದಾಟಿ ಒಳಗೆ ಬಂದ.

“ವೋದ್ವಾರ ನಾನ್ ಮಾತಾಡಿದ್ದೂ ಇದ್ರಲ್ಲೇ ಬಂತಾ?”

“ಪುಟ್ಟಲಕ್ಷ್ಮಿ, ಅದು ತಾನೇ ತಾನಾಗಿ…”

“ಬಂತಾ ಅಂತ ಕೇಳ್ದೆ.” ಅದೇ ಸ್ವರ. ಅವನು ಹೂಂ ಎಂದ.

ಅವಳು ಡಬ್ಬವನ್ನು ನೆಲಕ್ಕಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು. ಅಳುತ್ತಿರಲಿಲ್ಲ. ಇಷ್ಟು ವರ್ಷ ಅವನು ಊರನ್ನೆಲ್ಲ ನೋಡಿದ ನೋಟ ಈಗ ಅವಳ ಕಣ್ಣಲ್ಲಿತ್ತು, ಅವಳಲ್ಲಿ ಅದು ಇನ್ನಷ್ಟು ಶಾಂತವಾಗಿತ್ತು. “ಅವ್ನೂ ಕದ್ದು ಕೇಳ್ತಾನೆ. ಕೇಳುದ್ಮ್ಯಾಲೆ ಮೈಮ್ಯಾಲೆ ಬಂದು ಒಡೀತಾನೆ. ಅವ್ನು ಕೇಳವ್ನೆ ಅ‍ಂತ ಅವ್ಳಿಗೆ ಗೊತ್ತಾಯ್ತದೆ,” ಎಂದಳು. “ನೀವು ಕೇಳ್ಬುಟ್ಟು ಮುದ್ದೆ ಉಂಡ್ರಿ.”

ಆಮೇಲೆ ಅವಳು ಬಚ್ಚಲಿಗೆ ಹೋಗಿ ಕೈಕಾಲು ತೊಳೆದಳು. ಗೂಟದಿಂದ ಬ್ಯಾಗು ತೆಗೆದು ಒಂದು ಸೀರೆ ಹಾಕಿದಳು. ಅವನು ಎಲ್ಲಿಗೆ ಎಂದು ಕೇಳಿದ್ದು ಗೊರಗೊರದಲ್ಲಿ ಕೇಳಿಸಿತೋ ಇಲ್ಲವೋ. ಮುಂದಿನ ಬಾಗಿಲಿನಿಂದ ಹೊರಟು, ಬಸ್‌ಸ್ಟಾಂಡಿನ ಕಡೆ ತಿರುಗದೆ, ದ್ಯಾವಯ್ಯನ ಗೇಟು ತಳ್ಳಿದಳು. ಚಿಕ್ಕಸ್ವಾಮಿ ಟಿವಿ ಆರಿಸಲು ಗುಂಡಿಗೆ ಬೆರಳಿಟ್ಟ. ಚುಕ್ಕಿಗಳು ಕದಡಿ ಪಟ್ಟೆಗಳಾದವು.

“ಮಾಯಮ್ಮನಾ? ಕೇರ್‌ಪೇಟೆಯಿಂದ ಅನು ಅವ್ವ ಮಾತಾಡ್ತಿರೋದು. ಓಗ್ಬುಟ್ಲಾ? ಒಸಿ ಕೂಗವ್ವ ತಾಯಿ.” ಪುಟ್ಟಲಕ್ಷ್ಮಮ್ಮ ಪಿಸುಗುಟ್ಟಲಿಲ್ಲ. ಜಗುಲಿಯಲ್ಲಿ ನಿಂತು ಬೀದಿಯವರಿಗೆ ಹೇಳುವ ಹಾಗೆ ಒಂದೊಂದೇ ಮಾತು ಬಿಡಿಸಿ ಹೇಳುತ್ತಿದ್ದಳು. ಸ್ವಲ್ಪ ಹೊತ್ತಿಗೆ ಓಡಿಬಂದ ಉಸಿರು ಕೇಳಿತು, ಈ ಸಲ ಪೆಟ್ಟಿಗೆಯಲ್ಲೂ ಕೇಳಿತು. “ಅನು, ಬಟ್ಟೆ ಕಟ್ಕೊ. ನಾನೀಗ್ಲೇ ಬಸ್ಸತ್ತಿ ಬತ್ತಾ ಇವ್ನಿ. ಮಾಯಮ್ಮನ ಅಂಗ್ಡೀಲೇ ಕೂತಿರು, ಮನೇಲಿ ಇರ್ಬ್ಯಾಡ. ನಿನ್ ಗಂಡ ನಿನ್ನ ಒಡೀತಾನೆ, ನೀನು ವಾಪಸ್ ಬತ್ತಾ ಇದ್ದೀಯ, ಅಷ್ಟೆ.”

“ಅಮ್ಮಾ, ಮೆಲ್ಲುಕ್ ಮಾತಾಡು. ಅಪ್ಪಂಗೆ…”

“ಅವ್ರು ಕೇಳ್ತಾವ್ರೆ ಬುಡು,” ಎಂದಳು ಪುಟ್ಟಲಕ್ಷ್ಮಮ್ಮ. “ಅವ್ರು ಕೇಳ್ತಾನೆ ಇರ್ತಾರೆ.”

ಚಿಕ್ಕಸ್ವಾಮಿಯ ಬೆರಳು ಗುಂಡಿಯ ಮೇಲೆಯೇ ಇತ್ತು. ಒತ್ತಲಿಲ್ಲ.